ಡ್ರಮ್ಮಿನವನಿಗೆ ಕಿವಿ ಇದೆ
"ಸ್ವರಲಿಪಿ ಓದೋಕೆ ಬರದವರು ಈ ನಾಲ್ಕು ಪುಟ ಮುಗಿಯೋವರೆಗೆ ಸುಮ್ಮನೆ ಕೂತರೆ ಸಾಕು" ಎಂದು ತಂಡದ ಪಿಟೀಲಿನಾಕೆ ಹನ್ನೊಂದು ವರ್ಷದ ಹಿಂದೆ ಅಂದ ಮಾತು ಡ್ರಮ್ಮಿನವನಿಗೆ ಇವತ್ತಿಗೂ ಅರಗಿಲ್ಲ. ಎಂಟು ಜನರ ಆ ತಂಡದಲ್ಲಿ ಅರ್ಧ ಜನ ಬರೆದದ್ದನ್ನು ನುಡಿಸುವವರು, ಇನ್ನರ್ಧ ಜಾಝ್‌ನವರು, ಆ ಗಳಿಗೆಗೆ ತೋಚಿದ್ದನ್ನು ನುಡಿಸುವವರು; ಇವನು ಮಾತ್ರ ನಿದ್ದೆಯಲ್ಲೂ ನುಡಿಸುವವನು. ಬಸ್ಸಿನ ಸೀಟು, ಅತ್ತೆಯ ಮಾತ್ರೆ ಡಬ್ಬಿ, ಯಾವುದನ್ನೂ ಬಿಟ್ಟವನಲ್ಲ. "ತಟ್ಟೆ ಇರೋದು ಊಟಕ್ಕೆ ಕಣ್ರೀ" ಎಂದು ಹೆಂಡತಿ ಕಸಿದುಕೊಂಡರೆ ಲೋಟಕ್ಕೆ ಕೈ ಹಾಕುತ್ತಾನೆ. ಯಾರಾದರೂ ಪುಟ ತೋರಿಸಿದರೆ, "ಅದನ್ನ ನೀವೇ ಇಟ್ಕೊಳ್ಳಿ, ನಂಗೆ ಕಿವಿ ಇದೆ" ಎಂದು ಸಿಡುಕುತ್ತಾನೆ. ಆ ಕಿವಿ ಎಂಥದ್ದೆಂದು ಗೊತ್ತಾದದ್ದು ತುಂಬಿದ ಸಭಾಂಗಣದಲ್ಲಿ. ತೋಚಿದ್ದು ನುಡಿಸುವ ಭಾಗ ಮುಗಿಸಿ ಆ ನಾಲ್ಕು ಪುಟಕ್ಕೆ ಮರಳಲು ತಲೆಯಾಡಿಸಿ ಸನ್ನೆ ಕೊಡಬೇಕಾದವರು ಪಿಯಾನೋದ ಹಿರಿಯರು. ಅವರೋ ತಮ್ಮದೇ ಗುಂಗಿನಲ್ಲಿ ಅದನ್ನು ಮರೆತೇಬಿಟ್ಟರು. ಎಲ್ಲರೂ ದಿಕ್ಕುತಪ್ಪಿ ಮುಖ ಮುಖ ನೋಡಿಕೊಳ್ಳುವಾಗ, ಇವನು ಆ ಪುಟಗಳ ಪಿಟೀಲಿನ ಸಾಲಿನ ಲಯವನ್ನೇ ಒಂದು ಪೆಟ್ಟೂ ತಪ್ಪದಂತೆ ಡ್ರಮ್ಮಿನ ಮೇಲೆ ನುಡಿಸಿದ. ಹನ್ನೊಂದು ವರ್ಷ ಸುಮ್ಮನೆ ಕೂತಲ್ಲೇ ಎಲ್ಲರ ಸಾಲನ್ನೂ ಕಲಿತುಬಿಟ್ಟಿದ್ದ, ಪುಣ್ಯಾತ್ಮ. ಎಂಟೂ ವಾದ್ಯ ಒಟ್ಟಿಗೆ ದಾರಿಗೆ ಬಂದವು, ಸಭೆಗೆ ಸಭೆಯೇ ಎದ್ದು ನಿಂತಿತು. ಪಿಯಾನೋದವರು "ನಿಂಗೊಂದು ಮಾತು ಹೇಳಬೇಕಪ್ಪ, ನಾಳೆ ಹೇಳ್ತೀನಿ" ಎಂದು ಹೆಗಲು ತಟ್ಟಿ ಹೋದರು. ಅದನ್ನೂ ಮರೆತರು; ಆ ಮಾತು ಇನ್ನೂ ಬಾಕಿಯೇ ಇದೆ.