ಲಾವಣಿ ಅಂದರೆ ಹಾಡಲ್ಲ

ಮೊನ್ನೆ ರೋಣದಿಂದ ನರಗುಂದಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಯಾರೋ ಹಸಿ ಕಡಲೆ ಗಿಡದ ದೊಡ್ಡ ಕಟ್ಟೊಂದನ್ನು ನನ್ನ ಕಾಲ ಬಳಿ ತಳ್ಳಿ ಹಿಂದೆ ಹೋಗಿ ಕುಳಿತರು. ಕಾಲು ಚಾಚಲು ಜಾಗವಿಲ್ಲದೆ ನನಗೆ ಸಿಟ್ಟು ಬಂದಿತ್ತು. ಕಿಟಕಿ ಬೇರೆ ಮುಚ್ಚುತ್ತಿರಲಿಲ್ಲ. ಆದರೆ ಊರು ದಾಟುವಷ್ಟರಲ್ಲಿ ಆ ಕಟ್ಟಿನಿಂದ ಹುಳಿ ವಾಸನೆ ಏಳತೊಡಗಿತು. ಇಬ್ಬನಿಯಲ್ಲಿ ನೆನೆದ ಕಡಲೆ ಎಲೆಯ ವಾಸನೆ, ಬೆರಳಿಗೆ ಅಂಟಿದರೆ ಮಧ್ಯಾಹ್ನದವರೆಗೂ ಹೋಗದಂಥದ್ದು... ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಅಕ್ಕೋರು ನೆನಪಾದರು.

ಅವರು ರೋಣದ ಕಾಲೇಜಿನಲ್ಲಿ ನಮಗೆ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಗಜೇಂದ್ರಗಡದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ಕಾಲೇಜಿನಲ್ಲಿ ಎಲ್ಲರೂ ಮೇಡಂ ಅನ್ನುತ್ತಿದ್ದರು. ಅವರು ಮೊದಲ ಸಲ ಸವಡಿಯ ನಮ್ಮ ಮನೆಗೆ ಬಂದಾಗ ಅಪ್ಪ ಮಾತ್ರ, ಸಣ್ಣ ಸಾಲಿಯ ಟೀಚರಿಗೆ ಕರೆಯುವ ಹಾಗೆ, ‘ಬರ್ರಿ ಅಕ್ಕೋರ’ ಅಂದುಬಿಟ್ಟ. ನನಗೆ ನಾಚಿಕೆಯಾಯಿತು. ಅವರಿಗೆ ಅದು ಹಿಡಿಸಿತು. ಅಂದಿನಿಂದ ನನ್ನ ಬಾಯಲ್ಲೂ ಅವರು ಅಕ್ಕೋರೇ ಆದರು.

ಅವರು ಅತಿಥಿ ಉಪನ್ಯಾಸಕಿ. ಈ ಹೆಸರಿಟ್ಟವರು ಯಾರೋ, ಬಹಳ ತಮಾಷೆಯ ಮನುಷ್ಯರಿರಬೇಕು. ಅತಿಥಿ ಅಂದರೆ ಮನೆಯವರೇ ಕರೆದು, ಕೂರಿಸಿ, ಇನ್ನೆರಡು ದಿನ ಇರಿ ಅನ್ನಬೇಕಲ್ಲ. ಈ ಅತಿಥಿಯನ್ನು ಬೇಸಿಗೆ ಬಂತೆಂದರೆ ಮನೆಗೆ ಕಳಿಸುತ್ತಾರೆ, ಕಾಲೇಜು ಶುರುವಾಗುವಾಗ ಮತ್ತೆ ಬರಲೋ ಬೇಡವೋ ಎಂದು ಆಕೆಯೇ ಹೋಗಿ ಕೇಳಬೇಕು. ನಾನೀಗ ನರಗುಂದದಲ್ಲಿ ಅಂಥದೇ ಅತಿಥಿ, ಹಾಗಾಗಿ ಈ ಮಾತನ್ನು ಧೈರ್ಯವಾಗಿ ಹೇಳಬಲ್ಲೆ.

ಅಕ್ಕೋರಿಗೆ ಪಿಎಚ್‌ಡಿಗೆ ಸೇರಬೇಕಿತ್ತು. ಡಾಕ್ಟರೇಟ್ ಇಲ್ಲದವರನ್ನು ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ ಎಂಬ ಸುದ್ದಿ ಆಗಲೂ ವರ್ಷ ವರ್ಷವೂ ಹಬ್ಬುತ್ತಿತ್ತು, ಈಗಿನ ಹಾಗೆಯೇ. ಆದರೆ ಹೊಟ್ಟೆಪಾಡಿನ ಮಾತು ಅರ್ಧ ಮಾತ್ರ. ಉಳಿದರ್ಧ, ಅವರ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ನಮ್ಮ ಕಡೆ ಹೊಲವಿಲ್ಲದವರು ಹೊಲವಿದ್ದವರಿಂದ ವರ್ಷಕ್ಕಿಷ್ಟು ಎಂದು ಮಾತಾಡಿ ಹೊಲ ಹಿಡಿಯುತ್ತಾರೆ. ಅದಕ್ಕೆ ಲಾವಣಿ ಅನ್ನುತ್ತೇವೆ. ಎಲ್ಲವೂ ಬಾಯಿ ಮಾತು. ಕಾಗದವಿಲ್ಲ, ಕಾನೂನಿನ ಪ್ರಕಾರ ಅಂಥದೊಂದು ಇಲ್ಲವೇ ಇಲ್ಲ. ಹೊಳೆಆಲೂರಿನಲ್ಲಿ ಮಲಪ್ರಭೆ ಏರಿ ಬೆಳೆ ಕೊಚ್ಚಿಹೋದಾಗ ಪರಿಹಾರ ಬಂದದ್ದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದ ಹೊಲದ ಧಣಿಗಳಿಗೆ. ಬಿತ್ತಿದವರು ಕೈಕಟ್ಟಿ ನಿಂತು ನೋಡಿದರು. ಬಿತ್ತುವವರು ಎಷ್ಟು ಮಂದಿ, ಯಾರು, ಅವರ ಲೆಕ್ಕ ಎಲ್ಲಿದೆ? ಇದು ಅಕ್ಕೋರ ಪ್ರಶ್ನೆ. ಅವರಪ್ಪನೂ ಲಾವಣಿ ಹೊಲದಲ್ಲೇ ಬಾಳು ಸವೆಸಿದವನು. ನನ್ನಪ್ಪನೂ.

ಕೇಳಿದರೆ ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ರಜೆಯ ದಿನ ಅವರು ಸವಡಿಗೆ ಬಂದರೆ ನಾನು ಜೊತೆಗೆ ತಿರುಗುತ್ತಿದ್ದೆ. ‘ಲಾವಣಿನಾ? ಇಲ್ರಿ, ಧಣ್ಯಾರು ತಾವ ಮಾಡಸ್ತಾರ, ನಾವು ಕೂಲಿ ಅಷ್ಟ’ ಎನ್ನುವ ಉತ್ತರ ಓಣಿ ತುಂಬ ಒಂದೇ. ಸುದ್ದಿ ಹೊರಬಿದ್ದರೆ ಧಣಿ ಹೊಲ ಬಿಡಿಸುತ್ತಾನೆ ಎಂಬ ಅಂಜಿಕೆ. ಮಗಳ ಟೀಚರ್ ಎಂದು ಮಂಚದ ಮೇಲೆ ಕಂಬಳಿ ಹಾಸಿದ ನನ್ನಪ್ಪ ಕೂಡ ಅವರ ಮುಖ ನೋಡಿಕೊಂಡೇ ಅದೇ ಸುಳ್ಳು ಹೇಳಿದ. ಅಕ್ಕೋರು ಚಹಾ ಕುಡಿದರು, ನಮ್ಮವ್ವನ ಜೊತೆ ಹಿತ್ತಲಿನ ಬದನೆ ಗಿಡ ನೋಡಿ ಬಂದರು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಸುಮ್ಮನೆ ಕೇಳಿದರು.

‘ಈ ಸಲ ಎಳ್ಳ ಅಮಾಸಿಗೆ ಧಣ್ಯಾರ ಹೊಲದಾಗ ಚರಗ ಯಾರು ಚೆಲ್ಲಿದ್ರಿ?’

‘ನಾನ ಚೆಲ್ಲೀನ್ರಿ. ಮತ್ತ್ಯಾರು ಚೆಲ್ಲಬೇಕು?’ ಅಂದ ಅಪ್ಪ. ಅಂದ ಮೇಲೆ ಸಿಕ್ಕಿಬಿದ್ದದ್ದು ತಿಳಿಯಿತು. ತಲೆಯ ಮೇಲಿನ ಟವೆಲ್ ತೆಗೆದು ಬಾಯಿಗೆ ಹಿಡಿದುಕೊಂಡು ನಗತೊಡಗಿದ.

ಎಳ್ಳ ಅಮಾವಾಸ್ಯೆಯ ದಿನ ಸಜ್ಜಿ ರೊಟ್ಟಿ, ಕಡುಬು, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಒಂದಿಷ್ಟನ್ನು ಬೆಳೆಯ ನಡುವೆ ಸುತ್ತ ಎರಚಿ ಬರುತ್ತೇವೆ. ಭೂಮಿತಾಯಿಗೆ ಉಣಿಸುವುದು, ಅದೇ ಚರಗ. ಉತ್ತು ಬೆಳೆದವನೇ ಅದನ್ನು ಚೆಲ್ಲಬೇಕು, ಕೂಲಿಯವನಲ್ಲ. ಹೊಲದ ಧಣಿ ಎಷ್ಟೇ ದೊಡ್ಡವನಿರಲಿ, ಬಂದು ಚೆಲ್ಲುವಂತಿಲ್ಲ. ಆ ವಿಷಯದಲ್ಲಿ ಸುಳ್ಳು ಹೇಳುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಅಲ್ಲಿಂದ ಮುಂದೆ ಅಕ್ಕೋರು ಲಾವಣಿ ಎಂಬ ಮಾತೇ ಎತ್ತಲಿಲ್ಲ. ಮನೆ ಮನೆಗೂ ಚರಗದ ಸುದ್ದಿ ಕೇಳುತ್ತಾ ಹೋದರು, ಊರು ತಾನಾಗಿ ಎಲ್ಲ ಹೇಳಿತು. ಕಡಲೆ ಹೊಲದ ಬದುವಿನಲ್ಲಿ ನಡೆದು ನಡೆದು ಅವರ ಸೀರೆಯ ಅಂಚಿನಲ್ಲಿ ಹುಳಿ ಇಬ್ಬನಿಯ ಕಲೆ ಬೀಳುತ್ತಿತ್ತು. ಅದನ್ನುಟ್ಟೇ ಬಸ್ಸು ಹತ್ತುತ್ತಿದ್ದರು. ಆ ದಿನಗಳಲ್ಲಿ ಅವರಷ್ಟು ಖುಷಿಯಾಗಿದ್ದವರನ್ನು ನಾನು ನೋಡಿಲ್ಲ.

ಖುಷಿ ಹೊಲದಲ್ಲಿತ್ತು, ವಿಶ್ವವಿದ್ಯಾಲಯದಲ್ಲಿ ಇರಲಿಲ್ಲ. ಅಲ್ಲಿ ಅರ್ಜಿ ಹಾಕಿದಾಗಲೆಲ್ಲ ಒಂದು ಹೊಸ ಕಾರಣ ಅವರಿಗಾಗಿ ಕಾದಿರುತ್ತಿತ್ತು. ಒಂದು ಸಲ ಯಾವ ಗೈಡ್ ಬಳಿಯೂ ಜಾಗವಿಲ್ಲ. ಇನ್ನೊಂದು ಸಲ ಜಾಗವಿದೆ, ಗೈಡ್ ನಿವೃತ್ತಿಗೆ ಬಂದಿದ್ದಾರೆ. ಮತ್ತೊಂದು ಸಲ ಪ್ರವೇಶ ಪರೀಕ್ಷೆ ಪಾಸಾಗಿ ಸಂದರ್ಶನವೇ ಮುಂದಕ್ಕೆ ಹೋಯಿತು, ಹೋದದ್ದು ಆ ವರ್ಷ ಮರಳಿ ಬರಲಿಲ್ಲ. ಯಾರೂ ಅವರಿಗೆ ಕೇಡು ಬಯಸಿದ್ದರು ಅಂತಲ್ಲ. ಕೇಡು ಬಯಸುವಷ್ಟು ಗುರುತು ಅಲ್ಲಿ ಯಾರಿಗೂ ಇರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತವರ ಪೈಕಿ ಅವರೂ ಒಬ್ಬರು, ಅಷ್ಟೇ.

ಕೊನೆಯ ಸಂದರ್ಶನಕ್ಕೆ ನಾನೂ ಜೊತೆಗೆ ಹೋಗಿದ್ದೆ. ಎಂ.ಎ. ಸೇರುವ ವಿಚಾರ ಕೇಳಿಕೊಂಡು ಬರುವುದಿತ್ತು. ಅವರು ಒಳಗೆ ಹೋದರು, ನಾನು ಬೇವಿನ ಗಿಡದ ಕೆಳಗೆ ಕೂತೆ. ಹೊರಬಂದಾಗ ಅವರ ಮುಖ ಒಂದು ಥರ ಇತ್ತು. ನಗುವವರೋ ಅಳುವವರೋ ತಿಳಿಯಲಿಲ್ಲ. ಬಸ್ಸು ಹೊರಟ ಮೇಲೆ ಹೇಳಿದರು.

ಕನ್ನಡದಲ್ಲೇ ಬರೆಯಬೇಕೆಂಬುದು ಅವರ ಹಟ. ಹಾಗಾಗಿ ತಲೆಬರಹದಲ್ಲಿ ‘ಲಾವಣಿ ಪದ್ಧತಿ’ ಅಂತಲೇ ಇತ್ತು. ಬೇರೆ ಸೀಮೆಯಿಂದ ಬಂದಿದ್ದ ಹಿರಿಯ ತಜ್ಞರೊಬ್ಬರು ಅದನ್ನು ಓದಿ ಬಹಳ ಸಂತೋಷಪಟ್ಟು, ‘ಒಂದು ನುಡಿ ಹಾಡ್ತೀರಾ?’ ಎಂದು ಕೇಳಿದರಂತೆ. ಅವರ ಕಡೆ ಲಾವಣಿ ಎಂದರೆ ಹಾಡು. ಇವರು ಇದು ಹಾಡಲ್ಲ, ಹೊಲ ಎಂದು ಬಿಡಿಸಿ ಹೇಳಿದರು. ಹಾಗಾದರೆ ಲೆಕ್ಕ ಹೇಗೆ ಹಿಡಿಯುತ್ತೀರಿ ಎಂದು ಕೇಳಿದ್ದಕ್ಕೆ ಚರಗದ ಸಂಗತಿ ಹೇಳಿದರು. ಅಲ್ಲಿಗೆ ಮುಗಿಯಿತು. ಲಾವಣಿ, ಚರಗ ಎರಡೂ ಜಾನಪದಕ್ಕೆ ಸೇರಿದ್ದು, ಆ ವಿಭಾಗ ಪಕ್ಕದ ಕಟ್ಟಡದಲ್ಲಿದೆ ಎಂದು ಆ ಹಿರಿಯರು ಕಿಟಕಿಯಿಂದ ಕೈ ಮಾಡಿ ತೋರಿಸಿದರಂತೆ. ಕೆಟ್ಟವರೇನಲ್ಲ, ಕುಡಿಯಲು ನೀರನ್ನೂ ಕೊಟ್ಟರಂತೆ. ಪಕ್ಕದಲ್ಲಿ ನಮ್ಮ ಕಡೆಯ ಪ್ರೊಫೆಸರೊಬ್ಬರು ಕೂತಿದ್ದರು. ಅವರಿಗೆ ಲಾವಣಿ ಎಂದರೇನು ಎಂದು ಗೊತ್ತಿಲ್ಲದೆ ಇರುತ್ತದೆಯೇ? ಅವರು ಬಾಯಿ ಬಿಡಲಿಲ್ಲ. ಆಮೇಲೆ ಜಗಲಿಯಲ್ಲಿ ಅಕ್ಕೋರನ್ನು ಕರೆದು ಮೆಲ್ಲಗೆ ಹೇಳಿದರಂತೆ.

‘ವಿಷಯ ಬದಲಿಸ್ರಿ. ಸೀಟ್ ಐತಿ.’

ಮಹಿಳೆಯರ ಸ್ವಸಹಾಯ ಸಂಘಗಳ ಮೇಲೆ ಮಾಡಿದರೆ ತಾವೇ ಗೈಡ್ ಆಗುವುದಾಗಿ ಅವರು ಹೇಳಿದ್ದರು. ಅಂಕಿಸಂಖ್ಯೆ ಎಲ್ಲ ಕಚೇರಿಯಲ್ಲಿ ಸಿದ್ಧವಿದೆ, ಯಾರ ಮನೆಗೂ ಹೋಗುವುದು ಬೇಡ. ರೋಣ ಬಂತು. ನಾನು ಇಳಿದೆ, ಅಕ್ಕೋರು ಗಜೇಂದ್ರಗಡದ ಬಸ್ಸು ಹತ್ತಿದರು. ಕೈ ಬೀಸಿದರೋ ಇಲ್ಲವೋ... ನೆನಪಾಗುತ್ತಿಲ್ಲ.

ಮುಂದಿನ ವಾರ ಒಪ್ಪಿಕೊಂಡೆ ಎಂದರು. ನಾನು ಹರೆಯದವಳು, ಜಗತ್ತೆಲ್ಲ ನೇರವಾಗಿರಬೇಕು ಎನ್ನುವ ವಯಸ್ಸು. ನನಗೆ ಮೈಯೆಲ್ಲ ಉರಿಯಿತು.

‘ಹಂಗಾರ ನಿಮ್ಮ ಪ್ರಶ್ನಿ ಏನಾತ್ರಿ?’

ಅವರು ಸ್ಟಾಫ್ ರೂಮಿನ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದವರು, ಏಳದೆಯೇ ಹೇಳಿದರು. ‘ಪ್ರಶ್ನಿ ಎಲ್ಲಿ ಹೊಕ್ಕೈತಿ? ಹೊಲ ಇಲ್ಲೇ ಇರ್ತಾವಲ್ಲ. ಮೊದಲ ನಾ ಉಳೀತೀನಿ. ನನಗ ಸಾಕಾಗೇತಿ ನೋಡವಾ.’

ಸಾಕಾಗುವುದು ಅಂದರೇನು ಎಂದು ಆಗ ನನಗೆ ಗೊತ್ತಿರಲಿಲ್ಲ. ಅವರು ಪಿಎಚ್‌ಡಿ ಮುಗಿಸಿದರು, ದೂರದ ವಿಶ್ವವಿದ್ಯಾಲಯವೊಂದರಲ್ಲಿ ಕಾಯಂ ಆದರು, ಪ್ರೊಫೆಸರ್ ಆದರು. ನಾವು ಹಬ್ಬಕ್ಕೊಮ್ಮೆ ಮೊಬೈಲಿನಲ್ಲಿ ಶುಭಾಶಯ ಕಳಿಸಿಕೊಳ್ಳುವಷ್ಟಕ್ಕೆ ಬಂದು ನಿಂತೆವು. ನಾನು ಎಂ.ಎ. ಮಾಡಿ, ಅಲ್ಲಿ ಇಲ್ಲಿ ಕಲಿಸಿ, ಈ ನರಗುಂದದ ಬಸ್ಸಿಗೆ ಬಿದ್ದೆ. ಈಗ ಡಾಕ್ಟರೇಟ್ ಇಲ್ಲದವರನ್ನು ಕೈಬಿಡುವ ಸುದ್ದಿ ನನ್ನ ಬಾಗಿಲಿಗೂ ಬಂದಿದೆ. ಅರ್ಜಿ ಹಾಕುವುದು, ಗೈಡ್ ಹುಡುಕುವುದು, ಇಲ್ಲ ಎನಿಸಿಕೊಳ್ಳುವುದು ಎಲ್ಲ ನನಗೂ ರೂಢಿಯಾಗಿದೆ.

ಬಸ್ಸಿನಲ್ಲಿ ಅಕ್ಕೋರು ನೆನಪಾದ ಆ ದಿನವೇ ಸಂಜೆ ಅವರ ವಿಶ್ವವಿದ್ಯಾಲಯದ ಪ್ರಕಟಣೆ ತೆರೆದು ನೋಡಿದೆ. ಅರ್ಥಶಾಸ್ತ್ರದ ಗೈಡ್‌ಗಳಲ್ಲಿ ಅವರ ಹೆಸರಿತ್ತು, ಮುಂದೆ ಒಂದು ಸೀಟು ಖಾಲಿ ಎಂದಿತ್ತು. ನನಗೆ ಆದ ಆನಂದವನ್ನು ಬಚ್ಚಿಡುವುದೇಕೆ, ಚಹಾ ಒಲೆಯ ಮೇಲಿರುವುದನ್ನೂ ಮರೆತು ಫೋನ್ ಹಚ್ಚಿದೆ. ಧ್ವನಿ ಕೇಳಿಯೇ ಗುರುತು ಹಿಡಿದರು. ಅಪ್ಪ ಅವ್ವನ ಆರೋಗ್ಯ ಕೇಳಿದರು. ನಿಮ್ಮ ಬಳಿಯೇ ಪಿಎಚ್‌ಡಿ ಮಾಡಬೇಕು ಎಂದೆ. ಯಾವ ವಿಷಯ ಎಂದು ಕೇಳಿದರು. ಲಾವಣಿ, ನೀವು ಬಿಟ್ಟಲ್ಲಿಂದ ಎಂದೆ.

ಅವರು ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿತು.

‘ವಿಷಯ ಬದಲಿಸವಾ. ಸೀಟ್ ಐತಿ’ ಅಂದರು.

ಅದು ಯಾರ ಮಾತು ಎಂದು ಅವರಿಗೆ ನೆನಪಿತ್ತೋ ಇಲ್ಲವೋ... ಕಮಿಟಿ ಒಪ್ಪುವುದಿಲ್ಲ, ಸರಕಾರದ ಅಂಕಿಸಂಖ್ಯೆ ಇಲ್ಲ, ಅರ್ಧಕ್ಕೆ ಸಿಕ್ಕಿಬೀಳುತ್ತೀ ಎಂದೆಲ್ಲ ತಿಳಿಸಿ ಹೇಳಿದರು. ಎಲ್ಲವೂ ಖರೆ. ನನ್ನ ಒಳ್ಳೆಯದಕ್ಕೇ ಹೇಳಿದ್ದು. ನನಗೆ ಸಿಟ್ಟು ಬರಲಿಲ್ಲ, ಸಿಟ್ಟಾಗುವ ತ್ರಾಣವೂ ಉಳಿದಿಲ್ಲ. ಆ ಧ್ವನಿಯಲ್ಲಿದ್ದ ದಣಿವು ನನ್ನದೇ ದಣಿವಿನ ಹಾಗೆ ಕೇಳಿಸಿತು. ವಿಚಾರ ಮಾಡುತ್ತೇನೆ ಎಂದೆ. ಫೋನ್ ಇಡುವ ಮೊದಲು ಅವರು ಸುಮ್ಮನೆ ಮಾತಿಗೆ ಎನ್ನುವಂತೆ ಕೇಳಿದರು.

‘ನಿಮ್ಮಪ್ಪ ಈಗ ಯಾರ ಹೊಲ ಹಿಡದಾನ?’

‘ಯಾರದೂ ಇಲ್ರಿ. ಧಣ್ಯಾರು ಆ ಹೊಲ ಸೋಲಾರ್‌ನವರಿಗೆ ಕೊಟ್ರು. ಸುತ್ತಲಿನವೂ ಹೋದೂರಿ. ಅಪ್ಪ ಕೂಲಿಗೆ ಹೊಂಟಾನ.’

‘ಇಷ್ಟು ವರ್ಷ ಮಾಡ್ಯಾನಲ್ಲ, ಅಂವಗ ಏನರ ಕೊಟ್ರಿಲ್ಲೊ?’

‘ಅಂವಾ ಮಾಡಿದ್ದು ಎಲ್ಲಿ ಬರದೈತ್ರಿ, ಅಕ್ಕೋರ?’

ಚುಚ್ಚಬೇಕೆಂದು ಅಂದದ್ದಲ್ಲ. ಬಾಯಿಗೆ ಬಂದದ್ದೇ ಹಾಗೆ. ಅವರ ಮನೆಯ ಗಡಿಯಾರವೋ ಏನೋ ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು. ಕೊನೆಗೆ, ‘ಹೊಲ ಇಲ್ಲೇ ಇರ್ತಾವ ಅನಕೊಂಡಿದ್ದೆ...’ ಎಂದರು. ಯಾರೋ ಬಂದರು ಎಂದು ಹೇಳಿ ಫೋನ್ ಇಟ್ಟರು. ಯಾರೂ ಬಂದಿರಲಿಕ್ಕಿಲ್ಲ.

ನಿನ್ನೆ ಅರ್ಜಿ ತುಂಬಿದೆ. ವಿಷಯದ ಜಾಗದಲ್ಲಿ ಲಾವಣಿ ಎಂದೇ ಬರೆದೆ. ಹಾಡು ಎಂದುಕೊಳ್ಳುವವರು ಎಂದುಕೊಳ್ಳಲಿ, ವಿವರಿಸಿ ಹೇಳುವ ಶಕ್ತಿ ಆ ದಿನಕ್ಕೆ ಉಳಿದಿದ್ದರೆ ಹೇಳುತ್ತೇನೆ. ಗೈಡ್ ಹೆಸರಿಲ್ಲದ ಅರ್ಜಿಯನ್ನು ಪರಿಗಣಿಸುವುದಿಲ್ಲ ಎಂದು ಪರದೆಯ ಮೇಲೆ ಕೆಂಪಕ್ಷರದಲ್ಲಿ ಬಂತು. ಓದಿದೆ, ಆದರೂ ಕಳಿಸಿದೆ. ಪ್ರೊಫೆಸರ್ ಮೇಡಂ ಚೆನ್ನಾಗಿದ್ದಾರೆ, ಇನ್ನೂ ನೂರು ಕಾಲ ಚೆನ್ನಾಗಿರಲಿ. ಗೈಡ್ ಜಾಗದಲ್ಲಿ ನಾನು ಬರೆಯಬೇಕೆಂದಿದ್ದುದು ಚರಗದ ಸುದ್ದಿ ಕೇಳುತ್ತಾ ತಿರುಗಿದ ನಮ್ಮ ಅಕ್ಕೋರ ಹೆಸರು. ಅವರು ಎಂದೋ ಹೋಗಿಬಿಟ್ಟಿದ್ದರು, ನನಗೆ ತಿಳಿದದ್ದು ಮೊನ್ನೆ. ಅವರಿಗೂ ಮೊನ್ನೆಯೇ ತಿಳಿಯಿತೆಂದು ಕಾಣುತ್ತದೆ.