ನಿಮ್ಮ ಚಾವಡಿಯಲ್ಲಿ ನಾನು ಮಲಗಿಸಿದ ಹೆಣ

ನಿನ್ನ ಅಕ್ಕ ಯಾವ ತಪ್ಪೂ ಮಾಡಿರಲಿಲ್ಲ, ಸುಧಾಕರ. ಸುಳ್ಳು ಹೇಳಿದವನು ನಾನು. ಈ ಎರಡು ವಾಕ್ಯ ಬರೆಯಲು ನನಗೆ ಮೂವತ್ತೈದು ವರ್ಷಕ್ಕಿಂತ ಹೆಚ್ಚು ಬೇಕಾಯಿತು — ನಾನು ಎಂಥ ಮನುಷ್ಯನೆಂದು ಅದರಿಂದಲೇ ತಿಳಿದುಕೋ.

ಆ ಟೀವಿ ಧಾರಾವಾಹಿಯವರು ಉಡುಪಿಗೆ ಬಂದಾಗ ಅವರಿಗೆ ಜಾಗ ತೋರಿಸುವ ಕೆಲಸ ನನ್ನದಾಗಿತ್ತು. ಕಾಪುವಿನ ದೀಪಸ್ತಂಭ, ಕಾರ್ಕಳದ ಕೆರೆ, ಉಡುಪಿಯ ಹಳೆ ಬಸ್‌ಸ್ಟ್ಯಾಂಡ್ — ಎಲ್ಲ ನಾನೇ ತೋರಿಸಿದ್ದು. ಒಂದು ಹಳೆಯ ಮನೆ ಗೊತ್ತುಮಾಡಿಕೊಟ್ಟರೆ ಪರದೆಯ ಮೇಲೆ ನನ್ನ ಹೆಸರು ಹಾಕುತ್ತೇವೆಂದರು. ಕಾಪುವಿನ ನಿಮ್ಮ ಮನೆಗೆ ಹೋದೆ. ನೀನು ಆಗ ಮಣಿಪಾಲದ ಪ್ರೆಸ್ಸಿನಲ್ಲಿ, ನಿಮ್ಮ ದೊಡ್ಡಣ್ಣ ಶೇಖರಣ್ಣ ಬೊಂಬಾಯಿಯ ಹೋಟೆಲಿನಲ್ಲಿ. ಮನೆಯಲ್ಲಿದ್ದದ್ದು ಕಮಲಕ್ಕ ಮತ್ತು ನಿಮ್ಮ ಅಮ್ಮ. ಅಮ್ಮ ಒಳಕೋಣೆಯಲ್ಲಿದ್ದಾಗ, ಎಂತ ಸೀನು ಎಂದು ಕಮಲಕ್ಕ ಕೇಳಿದರು. ಹೆಣ್ಣು ನೋಡುವ ಸೀನು ಎಂದೆ. ಅವರು ನಗುತ್ತಾ ಬೀಗದ ಕೈ ಕೊಟ್ಟು, ಅಮ್ಮನನ್ನು ಕರೆದುಕೊಂಡು ಕಾರ್ಕಳದ ಒಂದು ಮದುವೆಗೆ ಹೋದರು.

ಅದು ಸಾವಿನ ದೃಶ್ಯ. ನನಗೆ ಗೊತ್ತಿತ್ತು.

ಇದಕ್ಕಿಂತ ಕೆಟ್ಟದ್ದೂ ಉಂಟು. ದೂರದಿಂದ ಬಂದ ಆ ಜನಕ್ಕೆ ನಮ್ಮಲ್ಲಿ ಹೆಣವನ್ನು ಹೇಗೆ ಮಲಗಿಸುತ್ತಾರೆಂದು ತಿಳಿದಿರಲಿಲ್ಲ. ನಟನನ್ನು ಮಂಚದ ಮೇಲೆ ಮಲಗಿಸಿ ಹೂವು ಚೆಲ್ಲಿದ್ದರು. ಹಾಗೆಯೇ ಬಿಟ್ಟಿದ್ದರೆ ನೋಡಿದವರು ನಕ್ಕು ಮರೆಯುತ್ತಿದ್ದರು. ನಾನು ಬಿಡಲಿಲ್ಲ — ಜಾಣತನ ತೋರಿಸಬೇಕಿತ್ತಲ್ಲ. ನಿಮ್ಮ ಮನೆಯ ನಡುವಿನ ಚಾವಡಿಯ ನೆಲದಲ್ಲಿ ಬಾಳೆಲೆ ಹಾಸಿಸಿದೆ. ತಲೆ ತೆಂಕಿಗೆ ಮಾಡಿಸಿದೆ. ತೆಂಗಿನಕಾಯಿ ಒಡೆದು, ತಲೆಯ ಬಳಿ ಅದರ ಒಂದು ಹೋಳಿನಲ್ಲಿ ಎಣ್ಣೆ ಬತ್ತಿ ಹಾಕಿ ನನ್ನ ಕೈಯಿಂದಲೇ ದೀಪ ಹಚ್ಚಿದೆ.

ಧಾರಾವಾಹಿಯ ಆ ಕಂತನ್ನು ನೆರೆಮನೆಯ ಜಗಲಿಯಲ್ಲಿ ಊರಿಗೆ ಊರೇ ಕೂತು ನೋಡಿತು. ನಿಮ್ಮ ಅಮ್ಮ ಮೊದಲು ತಮ್ಮ ಮನೆಯ ಕಂಬ ಗುರುತಿಸಿ ಖುಷಿಪಟ್ಟರು. ಆಮೇಲೆ ಆ ದೀಪ ಕಂಡರು. ಸಾವಿಲ್ಲದ ಮನೆಯಲ್ಲಿ ಆ ದೀಪ ಹಚ್ಚಿದರೆ ಸಾವನ್ನು ಕರೆದಂತೆ ಎಂದು ನಂಬಿದವರು; ಎದ್ದು ಹೋದರು. ತಿಂಗಳು ತುಂಬುವ ಮೊದಲು ಬೊಂಬಾಯಿಯಿಂದ ಟೆಲಿಗ್ರಾಂ ಬಂತು — ಶೇಖರಣ್ಣ ಬಸ್ಸಿನಡಿಗೆ ಬಿದ್ದು ತೀರಿಕೊಂಡಿದ್ದರು.

ಶೇಖರಣ್ಣನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮೇಲೆ ನಿಮ್ಮ ಸೋದರಮಾವ ನನ್ನನ್ನು ಚಾವಡಿಗೆ ಕರೆಸಿದರು. ಸಾವಿನ ಸೀನೆಂದು ಕಮಲಳಿಗೆ ಮೊದಲೇ ತಿಳಿಸಿದ್ದೆಯಾ ಎಂದು ಕೇಳಿದರು. ಎಲ್ಲರ ಕಣ್ಣು ನನ್ನ ಮೇಲೆ. ನನಗೆ ಹೆದರಿಕೆ —

“ಹೇಳಿದ್ದೆ. ಅವರು ಒಪ್ಪಿದ ಮೇಲೆಯೇ ಬೀಗದ ಕೈ ತೆಗೆದುಕೊಂಡದ್ದು.”

“ಇಲ್ಲ,” ಎಂದರು ಕಮಲಕ್ಕ. ಒಂದೇ ಸಲ. ಯಾರೂ ಅವರ ಕಡೆ ತಿರುಗಲಿಲ್ಲ. ನೀನೂ ತಿರುಗಲಿಲ್ಲ, ಸುಧಾಕರ. ಆ ಸಿಟ್ಟು ನಿನ್ನ ಮೇಲೆ ನನಗೆ ಇಂದಿಗೂ ಉಂಟು — ಒಡಹುಟ್ಟಿದವರ ಮಾತಿಗಿಂತ ನನ್ನಂಥವನ ಮಾತು ನಿನಗೆ ಹೆಚ್ಚಾಯಿತಲ್ಲ! ಆದರೆ ಸಿಟ್ಟಾಗುವ ಹಕ್ಕು ನನಗೆಲ್ಲಿದೆ? ಆ ವಾರವೇ ಕಮಲಕ್ಕ ಒಂದು ಪೆಟ್ಟಿಗೆ ಹಿಡಿದು ತಾಯಿಮನೆ ಬಿಟ್ಟರು. ಅಂದಿನಿಂದ ವರ್ಷದ ದೈವದ ತಂಬಿಲ ಸೇವೆಗೂ ಮನೆಯ ಮಗಳಿಗೆ ಹೇಳಿಕೆ, ಕರೆ ಇಲ್ಲ.

ಹೋದ ತಿಂಗಳು ಕಾಲೇಜಿನ ಮೂವರು ನನ್ನನ್ನು ಹುಡುಕಿಕೊಂಡು ಬಂದರು. ಹಳೆಯ ಧಾರಾವಾಹಿಗಳ ಜಾಗಗಳಿಗೆ ಹೋಗಿ, ಅಂದಿನ ಚಿತ್ರದ ಪಕ್ಕ ಇಂದಿನ ಚಿತ್ರ ಇಟ್ಟು ಮೊಬೈಲಿನಲ್ಲಿ ಹಾಕುವವರು. ಪರದೆಯ ಮೇಲೆ ನನ್ನ ಹೆಸರು ಓದಿದ್ದರಂತೆ. ನಾನು ಉಬ್ಬಿದೆ. ದೀಪಸ್ತಂಭ ತೋರಿಸಿದೆ, ಕೆರೆ ತೋರಿಸಿದೆ. ಕೊನೆಗೆ — ನಾಚಿಕೆ ಇಲ್ಲದೆ — ನಿಮ್ಮ ಮನೆಗೂ ಕರೆತಂದೆ. ಅವರಲ್ಲೊಬ್ಬ ನಿಮ್ಮ ಗೇಟಿನಲ್ಲಿ ನಿಂತು, “ಹೆಣ ಎಲ್ಲಿಟ್ಟಿದ್ರು ಅಂಕಲ್? ನಾನು ಅಲ್ಲೇ ಮಲಗ್ತೇನೆ, ಒಂದು ಫೋಟೋ ತೆಗೀರಿ” ಎಂದ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಆದರೆ ಅವನಿಗೇನು ಗೊತ್ತು? ಮೊದಲು ಮಲಗಿಸಿದವನು ನಾನು.

ನೀನು ಹೊರಗೆ ಬಂದು ಅವರನ್ನು ಓಡಿಸಿದೆ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ: “ಎಲ್ಲ ಅವಳಿಂದ ಆದದ್ದು. ನೀನೊಬ್ಬ ಅವತ್ತು ಸತ್ಯ ಹೇಳಿದೆ ಮಾರಾಯ.”

ನೀನು ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಪರ್ಕಳಕ್ಕೆ ಹೋದೆ. ಬಾಡಿಗೆಯ ಒಂದೇ ಕೋಣೆಯಲ್ಲಿ ಕಮಲಕ್ಕ ರವಕೆಗೆ ಕೈಹೊಲಿಗೆ ಹಾಕುತ್ತಿದ್ದರು. ನಾನು ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಸೂಜಿ ನಿಲ್ಲಲಿಲ್ಲ.

“ನಂಗೆ ಹೇಳಿ ಎಂತ ಪ್ರಯೋಜನ? ನಂಗೆ ಅವತ್ತೇ ಗೊತ್ತುಂಟಲ್ಲ. ಗೊತ್ತಿಲ್ಲದ್ದು ಅವನಿಗೆ.”

ಕುಳಿತುಕೋ ಎನ್ನಲಿಲ್ಲ. ಎನ್ನಬಾರದು.

ಚಿತ್ರೀಕರಣಕ್ಕೂ ಸಾವಿಗೂ ಸಂಬಂಧವಿಲ್ಲ, ಬಸ್ಸಿಗೆ ಧಾರಾವಾಹಿ ಗೊತ್ತಿಲ್ಲ ಎಂದು ಈಗ ನಾನು ವಾದಿಸಬಹುದು. ವಾದಿಸುವುದಿಲ್ಲ. ಅಂದು ಆ ಚಾವಡಿಯಲ್ಲಿ ಕೇಳಿದ ಪ್ರಶ್ನೆ ಅದಲ್ಲ. ಕೇಳಿದ್ದಕ್ಕೆ ನಾನು ಸುಳ್ಳು ಹೇಳಿದೆ, ಮಗಳು ಸುಳ್ಳಿ ಎಂದು ನಂಬಿಯೇ ನಿಮ್ಮ ಅಮ್ಮ ಕಣ್ಣು ಮುಚ್ಚಿದರು. ಅದನ್ನು ಸರಿಮಾಡಲು ನನ್ನಿಂದಾಗುವುದಿಲ್ಲ — ಯಾರಿಂದಲೂ ಆಗುವುದಿಲ್ಲ.

ಇದನ್ನು ಮನೆಯವರೆಲ್ಲರ ಎದುರು ಓದು. ನನ್ನನ್ನು ಬೈಯುವುದು ಆಮೇಲೆ ಇರಲಿ, ನಾನು ಎಲ್ಲಿಗೂ ಹೋಗುವುದಿಲ್ಲ. ಮೊದಲು ಪರ್ಕಳಕ್ಕೆ ಹೋಗು. ಬಸ್ಸಿಳಿದು ಏರುದಾರಿಯಲ್ಲಿ ಎಡಕ್ಕೆ ಮೂರನೆಯ ಮನೆ, ಹಿಂದಿನ ಕೋಣೆ. ಬಾಗಿಲು ತಟ್ಟಿ ಕಾದು ನಿಲ್ಲು. ಅವರಿಗೆ ಈಗ ಎದ್ದು ಬರಲು ಸ್ವಲ್ಪ ಹೊತ್ತು ಬೇಕಾಗುತ್ತದೆ.