ಗಟ್ಟಿ ಮರಕ್ಕೆ ಬಿದ್ದ ಕೆಂಪು ಗುರುತು

ಬೆಳಗಿನ ಐದೂವರೆ. ಮಲಾಂಗ್ ನಗರದ ಹಳೆಯ ಬಂಗಲೆಗಳ ಬೀದಿಯಲ್ಲಿ ನಗರಸಭೆಯ ಮರ ಪರೀಕ್ಷಕ ಪೊನಿರಾನ್ ಮಳೆಮರವೊಂದಕ್ಕೆ ಕಿವಿ ಹಚ್ಚಿ ನಿಂತಿದ್ದಾರೆ. ಮರದ ಸುತ್ತಿಗೆಯಿಂದ ಕಾಂಡವನ್ನು ಮೂರು ಕಡೆ ತಟ್ಟುತ್ತಾರೆ. ಸದ್ದು ಟೊಳ್ಳಾದರೆ ಕೆಂಪು ಗುರುತು, ವಾರದೊಳಗೆ ಗರಗಸ. ಇಂದಿನ ಮರ ಗಟ್ಟಿ. "ಬದುಕ್ಕೋ ಮಾರಾಯ" ಎಂದು ಮುಂದೆ ನಡೆಯುತ್ತಾರೆ.

ಬಡಾವಣೆಯಲ್ಲಿ ನಾನೂರ ಹನ್ನೆರಡು ಮರಗಳಿವೆ. ದಿನಕ್ಕೆ ಇಪ್ಪತ್ತರಂತೆ, ಇಪ್ಪತ್ತೆಂಟು ವರ್ಷಗಳಿಂದ ಇದೇ ಕೆಲಸ. ಹಿಂದೆ ಇಲ್ಲಿ ಆಳುತ್ತಿದ್ದ, ಬಿಸಿಲು ತಾಳದ ಡಚ್ಚರು ತಮಗಾಗಿ ನೆಟ್ಟುಕೊಂಡ ನೆರಳಿದು. ಅವರು ಹೋದರು, ಸೇನಾಧಿಕಾರಿಗಳು ಬಂದರು, ಆಮೇಲೆ ಡಾಕ್ಟರರು, ಈಗ ಕಾಫಿ ಅಂಗಡಿಗಳು. ಕಾರಿಗೆ ಜಾಗ ಸಾಲದಾದಾಗಲೆಲ್ಲ ಕಣ್ಣು ಬೀಳುವುದು ಮರದ ಮೇಲೆ. ಅದರ ನೆರಳಲ್ಲಿ ಹೊಟ್ಟೆ ಹೊರೆಯುವವರನ್ನು ಕೇಳುವವರಿಲ್ಲ.

ಹೊಗಳಿದರೆ ಪೊನಿರಾನ್ ಮುಖ ತಿರುಗಿಸುತ್ತಾರೆ. ಮೂರು ವರ್ಷದ ಹಿಂದಿನ ಒಂದು ಮರ ಅವರನ್ನು ತಲೆಯೆತ್ತಲು ಬಿಟ್ಟಿಲ್ಲ. ಹೆರಿಗೆಯಲ್ಲಿ ಅವರ ಮಗಳ ಜೀವ ಉಳಿಸಿದ್ದ ಡಾಕ್ಟರಮ್ಮ ಹಾರ್ಜಾನ್ತಿಯವರಿಗೆ ಗೇಟಿನ ಮುಂದಿನ ಮರ ಬೇಡವಾಗಿತ್ತು.

"ಜಗಲೀಲಿ ಕೂರಿಸಿ ಟೀ ಕೊಟ್ರು, ಕರಿದ ಬಾಳೆಹಣ್ಣು ಕೊಟ್ರು. 'ಮರ ಒಳಗೆ ಲಡ್ಡಾಗಿದೆ ಅಲ್ವೇನಪ್ಪಾ?' ಅಂದ್ರು. ಮಗಳನ್ನ ಉಳಿಸಿದ ಕೈ ಅದು. ಇಲ್ಲ ಅನ್ನೋಕೆ ನಾಲಿಗೇನೇ ಏಳಲಿಲ್ಲ. ತಟ್ಟದೇನೇ ಕೆಂಪು ಬಳಿದುಬಿಟ್ಟೆ."

ಕೊಯ್ದಾಗ ಕಾಂಡದಲ್ಲಿ ಬೆರಳು ತೂರುವಷ್ಟೂ ಟೊಳ್ಳಿರಲಿಲ್ಲ. ಆ ಮರದಡಿ ಹತ್ತೊಂಬತ್ತು ವರ್ಷ ಕ್ಷೌರ ಮಾಡಿದ್ದ ಮಿಸ್ಬಾಹ್ ಅದನ್ನು ನೋಡಲಿಲ್ಲ. ಹಿಂದಿನ ದಿನವೇ ಕನ್ನಡಿ ಇಳಿಸಿಕೊಂಡು ಹೋಗಿದ್ದ. ಈಗ ಅವನ ಕುರ್ಚಿ ಮಾರುಕಟ್ಟೆಯ ಚರಂಡಿ ಪಕ್ಕದಲ್ಲಿ, ಕಾದ ತಗಡಿನ ಕೆಳಗಿದೆ.

"ಸಿಕ್ಕಾಗೆಲ್ಲ, 'ನೀನು ನೋಡಿ ಹೇಳಿದ್ದಕ್ಕೆ ಬದುಕಿದೆ ಕಣೋ, ಇಲ್ದಿದ್ರೆ ಮರ ನನ್ನ ತಲೆ ಮೇಲೇ ಬೀಳ್ತಿತ್ತು' ಅಂತಾನೆ. ಭೂಮಿ ಬಾಯಿ ಬಿಡಬಾರದಾ ಅನ್ಸುತ್ತೆ."

ರಂಜಾನ್ ಹಬ್ಬದ ಬೆಳಿಗ್ಗೆ ಇಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈ ಜೋಡಿಸಿ, ಒಳಗಿನ ಹೊರಗಿನ ತಪ್ಪೆಲ್ಲ ಮನ್ನಿಸಿ ಎನ್ನುತ್ತಾರೆ. ಪೊನಿರಾನ್ ಮೂರು ಹಬ್ಬಗಳಲ್ಲೂ ಮಿಸ್ಬಾಹನಿಂದ ಹೀಗೆ ಕ್ಷಮೆ ಪಡೆದಿದ್ದಾರೆ. "ಯಾವ ತಪ್ಪು ಅಂತ ಯಾರೂ ಕೇಳಲ್ಲ ನೋಡಿ. ಆ ಮಾತಿನ ಹಿಂದೇನೇ ಅಡಗಿಕೊಂಡೆ. ಕ್ಷಮೆನೂ ಕದ್ದೆ."

ಅವರು ಸುತ್ತಿಗೆಯನ್ನು ಚೀಲಕ್ಕೆ ಹಾಕುತ್ತಾರೆ. ಆಸೆ ಏನೆಂದು ಕೇಳಿದರೆ ಚೀಲದ ಬಾಯಿ ಕಟ್ಟುತ್ತಾ ಹೇಳುತ್ತಾರೆ.

"ಮುಂದಿನ ವಾರ ಹಬ್ಬ. ಈ ಸಲ ತಪ್ಪಿನ ಹೆಸರು ಹೇಳಿ ಕೇಳ್ಬೇಕು. ಆದ್ರೆ ನನ್ನ ಧೈರ್ಯ ನಂಬೋ ಹಾಗಿಲ್ಲ. ಮಿಸ್ಬಾಹ್ ಭಾನುವಾರ ಗಿರಾಕಿಗಳಿಗೆಲ್ಲ ನಿಮ್ಮ ಪತ್ರಿಕೆ ಓದಿ ಹೇಳ್ತಾನೆ. ಒಂದೂ ಬಿಡದೆ ಬರೀರಿ, ನನ್ನ ಹೆಸರು ಹಾಕೇ ಬರೀರಿ. ನನ್ನ ತಪ್ಪು ಅವನ ಬಾಯಲ್ಲೇ ಬರಲಿ."